ನಾಳೆಯ ಮಾತು ಇಂದೇ ಸತ್ಯವೆ?

“ನಾಳೆ ಸಮುದ್ರದಲ್ಲಿ ಯುದ್ಧ ನಡೆಯುವುದು.” ಇಂದು ನುಡಿದ ಈ ಮಾತು ಸತ್ಯವೋ, ಅಸತ್ಯವೋ? ಇಪ್ಪತ್ತಮೂರು ಶತಮಾನಗಳ ಹಿಂದೆ ಗ್ರೀಸಿನ ಅರಿಸ್ಟಾಟಲನು ಎತ್ತಿದ ಪ್ರಶ್ನೆಯಿದು. ಪ್ರತಿಯೊಂದು ಹೇಳಿಕೆಯೂ ಸತ್ಯ, ಇಲ್ಲವೆ ಅಸತ್ಯ ಎಂದು ನಾವು ಒಪ್ಪುವುದಾದರೆ, ಈ ಹೇಳಿಕೆಯೂ ಇಂದೇ ಎರಡರಲ್ಲೊಂದು ಆಗಿರಬೇಕು. ಇಂದೇ ಸತ್ಯವಾಗಿದ್ದರೆ ಯುದ್ಧವನ್ನು ತಡೆಯುವುದು ಯಾರಿಂದಲೂ ಆಗದು. ಅಸತ್ಯವಾಗಿದ್ದರೆ ಅದನ್ನು ಹೂಡುವುದೂ ಆಗದು. ಹಾಗಾದರೆ ನಮ್ಮ ಆಲೋಚನೆಗೂ ಪ್ರಯತ್ನಕ್ಕೂ ಅರ್ಥವೇನು? ಈ ತೊಡಕನ್ನು ಬಿಡಿಸಲು ತರ್ಕಶಾಸ್ತ್ರದ ಅಡಿಗಲ್ಲನ್ನೇ ಪರೀಕ್ಷಿಸಿದವನು ಪೋಲಿಷ್ ತತ್ತ್ವಜ್ಞ ಯಾನ್ ವೂಕಾಶೇವಿಚ್.

ಆತನು ಹುಟ್ಟಿದುದು ೧೮೭೮ರ ಡಿಸೆಂಬರ್ ೨೧ರಂದು, ಲ್ವೂಫ್ ನಗರದಲ್ಲಿ. ಆ ನಗರವು ಆಗ ಆಸ್ಟ್ರಿಯ-ಹಂಗೆರಿ ಸಾಮ್ರಾಜ್ಯಕ್ಕೆ ಸೇರಿತ್ತು. ಇಂದು ಯುಕ್ರೇನಿನಲ್ಲಿದ್ದು ಲ್ವೀವ್ ಎನಿಸಿಕೊಂಡಿದೆ. ಸ್ವತಂತ್ರ ಪೋಲೆಂಡ್ ಅಂದಿನ ಭೂಪಟದಲ್ಲಿ ಇರಲೇ ಇಲ್ಲ. ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿ ಕಾಜಿಮೇಷ್ ತ್ವಾರ್ದೋವ್ಸ್ಕಿಯು ತತ್ತ್ವಶಾಸ್ತ್ರವನ್ನು ಬೋಧಿಸುತ್ತಿದ್ದನು. ವಿಚಾರವನ್ನು ಮಸುಕಿಲ್ಲದೆ ಹೇಳಬೇಕೆಂಬುದು ಆ ಗುರುವಿನ ಕಟ್ಟಳೆ. ಅವನಲ್ಲಿ ಕಲಿತ ವೂಕಾಶೇವಿಚ್ ೧೯೦೨ರಲ್ಲಿ ಡಾಕ್ಟರೇಟ್ ಪದವಿಯನ್ನೂ, ೧೯೧೫ರಲ್ಲಿ ವಾರ್ಸಾದಲ್ಲಿ ಅಧ್ಯಾಪನವನ್ನೂ ಪಡೆದನು. ಪೋಲೆಂಡ್ ಸ್ವತಂತ್ರವಾದ ಮೇಲೆ ೧೯೧೯ರಲ್ಲಿ ವಿದ್ಯಾಮಂತ್ರಿಯಾದನು. ಮುಂದೆ ಎರಡು ಬಾರಿ ವಾರ್ಸಾ ವಿಶ್ವವಿದ್ಯಾನಿಲಯದ ಕುಲಪತಿಯ ಸ್ಥಾನವನ್ನೂ ವಹಿಸಿದನು. ಆತನೂ ಲೆಶ್ನೇವ್ಸ್ಕಿಯೂ ಬೆಳೆಸಿದ ತರ್ಕಪಂಥದಿಂದಲೇ ಪ್ರಖ್ಯಾತನಾದ ತಾರ್ಸ್ಕಿಯು ಹೊರಬಂದನು.

೧೯೨೦ರಲ್ಲಿ ವೂಕಾಶೇವಿಚ್ ತನ್ನ ಹೊಸ ತರ್ಕವನ್ನು ಪ್ರಕಟಿಸಿದನು. ಸತ್ಯಕ್ಕೆ ೧, ಅಸತ್ಯಕ್ಕೆ ೦ ಎಂಬ ಬೆಲೆಗಳ ನಡುವೆ ‘ಸಂಭಾವ್ಯ’ವೆಂಬ ಮೂರನೆಯ ಬೆಲೆಯನ್ನಿಟ್ಟು, ಅದನ್ನು ಅರ್ಧವೆಂದು ಎಣಿಸಿದನು. ಅರ್ಧ ಬೆಲೆಯ ಹೇಳಿಕೆಯನ್ನು ನಿಷೇಧಿಸಿದರೂ ಅರ್ಧವೇ ಉಳಿಯುತ್ತದೆ. ಎರಡು ಹೇಳಿಕೆಗಳನ್ನು ‘ಅಥವಾ’ ಎಂದು ಕೂಡಿಸಿದಾಗ ಅವುಗಳಲ್ಲಿ ಹಿರಿಯ ಬೆಲೆಯೇ ಇಡೀ ವಾಕ್ಯದ ಬೆಲೆ. ಆದುದರಿಂದ “ಯುದ್ಧ ನಡೆಯುವುದು ಅಥವಾ ನಡೆಯದು” ಎಂಬ ವಾಕ್ಯಕ್ಕೂ ಅರ್ಧ ಬೆಲೆಯೇ ಬರುತ್ತದೆ! ಎರಡರಲ್ಲೊಂದು ಆಗಲೇಬೇಕಲ್ಲವೆ ಎಂದು ವಾಚಕರು ಕೇಳಬಹುದು. ತತ್ತ್ವಜ್ಞರೂ ಇದೇ ಆಕ್ಷೇಪವನ್ನೆತ್ತಿದ್ದಾರೆ, ಚರ್ಚೆ ಮುಗಿದಿಲ್ಲ. ಆದರೆ ಎರಡು ಬೆಲೆಗಳ ತರ್ಕವೊಂದೇ ಶಾಸ್ತ್ರೀಯವಾಗಿ ಸಾಧ್ಯವೆಂಬ ನಂಬಿಕೆ ಅಂದಿಗೆ ಸಡಿಲಿತು. ಹಲವು ಬೆಲೆಗಳ ತರ್ಕವು ಇಂದು ಗಣಿತದ ಒಂದು ಶಾಖೆಯಾಗಿದೆ.

೧೯೨೪ರಲ್ಲಿ ಆತನಿಗೆ ಮತ್ತೊಂದು ಉಪಾಯ ಹೊಳೆಯಿತು. ೨ ಮತ್ತು ೩ನ್ನು ಕೂಡಿ ೪ರಿಂದ ಗುಣಿಸಬೇಕಾದರೆ ನಾವು (೨ + ೩) × ೪ ಎಂದು ಬರೆಯುತ್ತೇವೆ. ಆವರಣವನ್ನು ತೆಗೆದರೆ ಉತ್ತರ ೨೦ರ ಬದಲು ೧೪ ಆಗುತ್ತದೆ. ಚಿಹ್ನೆಗಳನ್ನು ಮುಂದಿಟ್ಟು × + ೨ ೩ ೪ ಎಂದು ಬರೆದರೆ ಆವರಣವೇ ಬೇಡ: ಕೂಡುವ ಚಿಹ್ನೆ ತನ್ನ ಬಲಗಡೆಯ ೨, ೩ನ್ನು ತೆಗೆದುಕೊಂಡು ೫ ಕೊಡುತ್ತದೆ, ಗುಣಿಸುವ ಚಿಹ್ನೆ ಆ ೫ನ್ನೂ ೪ನ್ನೂ ತೆಗೆದುಕೊಳ್ಳುತ್ತದೆ. ಆತನು ಇದನ್ನು ರೂಪಿಸಿದುದು ತರ್ಕದ ಸೂತ್ರಗಳಿಗಾಗಿ. ಇದನ್ನೇ ಹಿಂದುಮುಂದು ಮಾಡಿ ೨ ೩ + ೪ × ಎಂದು ಬರೆಯುವ ಕ್ರಮವು ಗಣಕಯಂತ್ರಗಳಿಗೆ ಅನುಕೂಲವಾಯಿತು. ೧೯೭೨ರಲ್ಲಿ ಹೊರಬಂದ ಹ್ಯೂಲೆಟ್-ಪ್ಯಾಕರ್ಡ್ ಸಂಸ್ಥೆಯ ‘ಎಚ್‌ಪಿ-೩೫’ ಎಂಬ ಕಿಸೆಯ ಗಣಕವು ಈ ಕ್ರಮದಲ್ಲೇ ಲೆಕ್ಕ ಮಾಡುತ್ತಿತ್ತು.

ಕಾಲವು ಆತನಿಗೆ ಕಠಿಣವಾಯಿತು. ೧೯೩೯ರ ಸೆಪ್ಟೆಂಬರಿನ ಬಾಂಬು ದಾಳಿಯಲ್ಲಿ ಮನೆಯೂ ಪುಸ್ತಕಗಳೂ ಹಸ್ತಪ್ರತಿಗಳೂ ಸುಟ್ಟುಹೋದುವು. ಜರ್ಮನರು ವಿಶ್ವವಿದ್ಯಾನಿಲಯವನ್ನು ಮುಚ್ಚಿದಾಗ ಆತನು ಗುಪ್ತವಾಗಿ ಪಾಠ ಹೇಳಿದನು. ೧೯೪೪ರ ಜುಲೈಯಲ್ಲಿ ಪತ್ನಿಯೊಡನೆ ವಾರ್ಸಾವನ್ನು ಬಿಟ್ಟನು. ಜರ್ಮನ್ ತರ್ಕಜ್ಞ ಹೈನ್ರಿಖ್ ಷೋಲ್ಟ್ಸನು ನೆರವಾದನು. ೧೯೪೬ರಲ್ಲಿ ಐರ್ಲೆಂಡಿನ ಡಬ್ಲಿನ್ ನಗರ ಆಶ್ರಯ ಕೊಟ್ಟಿತು. ರಾಯಲ್ ಐರಿಷ್ ಅಕಾಡೆಮಿ ಆತನನ್ನು ಗಣಿತ ತರ್ಕದ ಪ್ರಾಧ್ಯಾಪಕನನ್ನಾಗಿ ನೇಮಿಸಿತು. ಅರಿಸ್ಟಾಟಲನ ತರ್ಕವನ್ನು ಕುರಿತ ಆತನ ಪೋಲಿಷ್ ಗ್ರಂಥ ಯುದ್ಧದಲ್ಲಿ ನಾಶವಾಗಿತ್ತು. ವಯಸ್ಸು ಎಪ್ಪತ್ತು ದಾಟಿದ್ದರೂ, ಆ ವಿಷಯವನ್ನು ಇಂಗ್ಲಿಷಿನಲ್ಲಿ ಹೊಸದಾಗಿ ಬರೆದು ೧೯೫೧ರಲ್ಲಿ ಪ್ರಕಟಿಸಿದನು. ೧೯೫೬ರ ಫೆಬ್ರವರಿ ೧೩ರಂದು ಡಬ್ಲಿನ್ನಿನಲ್ಲೇ ತೀರಿಕೊಂಡನು.

ತನ್ನ ತರ್ಕವನ್ನು ವಿವರಿಸುವಾಗ ಆತನು ಒಂದು ಉದಾಹರಣೆಯನ್ನು ಕೊಟ್ಟಿದ್ದನು: ಮುಂದಿನ ವರ್ಷ ಡಿಸೆಂಬರ್ ೨೧ರ ಮಧ್ಯಾಹ್ನ ತಾನು ವಾರ್ಸಾದಲ್ಲಿರುವೆನೆಂಬ ಮಾತು ಇಂದು ಸತ್ಯವೂ ಅಲ್ಲ, ಅಸತ್ಯವೂ ಅಲ್ಲ. ೧೯೪೪ರ ತರುವಾಯ ಆತನ ಬಾಳಿನಲ್ಲಿ ಆ ಮಾತು ಮತ್ತೆಂದೂ ಸತ್ಯವಾಗಲಿಲ್ಲ. ೨೦೨೨ರಲ್ಲಿ ಆತನ ಅವಶೇಷಗಳನ್ನು ಡಬ್ಲಿನ್ನಿನಿಂದ ತಂದು ವಾರ್ಸಾದ ಮಣ್ಣಿನಲ್ಲಿ ಹೂಳಿದರು.