ಕಿಡಿ ಮೊದಲು, ಬೆಂಕಿ ಆಮೇಲೆ

ಗಂಗೊಳ್ಳಿಯ ಓದುಗರೊಬ್ಬರು ಬರೆದಿದ್ದಾರೆ: “ನಮ್ಮ ನಾಡದೋಣಿಯ ಔಟ್‌ಬೋರ್ಡ್ ಎಂಜಿನ್ನಿಗೆ ಎಳೆತ ಕಡಿಮೆಯಾಗಿತ್ತು. ಪರಿಚಯದವರೊಬ್ಬರು ಟೈಮಿಂಗ್ ಸ್ವಲ್ಪ ಅಡ್ವಾನ್ಸ್ ಮಾಡಿಕೊಟ್ಟರು. ಶಬ್ದ ಚೆನ್ನಾಗಿ ಬಂತು, ಎಲ್ಲರಿಗೂ ಖುಷಿಯಾಯಿತು. ತಿಂಗಳೊಳಗೆ ಪಿಸ್ಟನ್ ತಲೆಯಲ್ಲಿ ತೂತು ಬಿತ್ತು. ದೋಣಿಗೆ ದೃಷ್ಟಿ ತಾಗಿದೆ ಅಂತ ಮನೆಯಲ್ಲಿ ಹೇಳುತ್ತಾರೆ. ನೀವೇನು ಹೇಳುತ್ತೀರಿ ಸರ್?”

ದೃಷ್ಟಿಯ ಮಾತನ್ನು ಮೊದಲು ಮುಗಿಸಿಬಿಡೋಣ. ಸಮುದ್ರಪೂಜೆ ಮಾಡಿ, ದೋಣಿಗೆ ಹೂ ಮುಡಿಸಿ ಕಡಲಿಗಿಳಿಯುವವರ ಭಕ್ತಿಯ ಬಗ್ಗೆ ನನಗೆ ಗೌರವವಿದೆ. ಆದರೆ ತೂತಾದ ಪಿಸ್ಟನ್ನಿಗೆ ದೃಷ್ಟಿ ಕಾರಣ ಎಂದು ಒಪ್ಪಿಕೊಂಡ ಕ್ಷಣವೇ ನಿಜವಾದ ಕಾರಣ ಹುಡುಕುವುದು ನಿಂತುಹೋಗುತ್ತದೆ. ನಿಂಬೆಹಣ್ಣು ಕಟ್ಟಿ, ಹೊಸ ಪಿಸ್ಟನ್ ಹಾಕಿ, ಟೈಮಿಂಗ್ ಇದ್ದಂತೆಯೇ ಬಿಟ್ಟರೆ ಅದೂ ತೂತಾಗುತ್ತದೆ. ಅಳಿವೆ ದಾಟುವ ಹೊತ್ತಿಗೆ ಎಂಜಿನ್ ನಿಂತರೆ ದೋಣಿ ಅಲೆಗೆ ಅಡ್ಡಲಾಗಿ ತಿರುಗಿ ಮಗುಚಬಹುದು. ಜೀವದ ಪ್ರಶ್ನೆ ಇದು. ಅದಕ್ಕೇ ಇಷ್ಟು ಖಾರವಾಗಿ ಹೇಳುತ್ತಿದ್ದೇನೆ.

ಈಗ ಅಸಲು ವಿಷಯ. ಎಂಜಿನ್ ಬಗ್ಗೆ ನಮ್ಮಲ್ಲಿ ಬೇರೂರಿರುವ ಒಂದು ತಪ್ಪು ಕಲ್ಪನೆಯಿದೆ. ಪ್ಲಗ್ ಕಿಡಿ ಹಾರಿಸುತ್ತದೆ, ಕೂಡಲೇ ಢಂ ಎಂದು ಸ್ಫೋಟವಾಗುತ್ತದೆ, ಆ ಏಟಿಗೆ ಪಿಸ್ಟನ್ ಹಿಂದಕ್ಕೆ ಹಾರುತ್ತದೆ ಎಂದು ಶಾಲೆಯಲ್ಲಿ ಕಲಿತವರೂ ಗ್ಯಾರೇಜಿನಲ್ಲಿ ಕಲಿತವರೂ ಹೇಳುತ್ತಾರೆ. ಹಾಗಿದ್ದರೆ ಪಿಸ್ಟನ್ ಪ್ಲಗ್ಗಿಗೆ ಅತಿ ಹತ್ತಿರ ಬಂದ ಗಳಿಗೆಯಲ್ಲಿ, ಅಂದರೆ ಮೆಕ್ಯಾನಿಕ್‌ಗಳು ಟಿಡಿಸಿ ಎನ್ನುವ ಜಾಗದಲ್ಲಿ, ಕಿಡಿ ಹಾರಿಸಿದರೆ ಸಾಕಿತ್ತು. ಟೈಮಿಂಗ್ ಎಂಬ ತಲೆನೋವೇ ಇರುತ್ತಿರಲಿಲ್ಲ. ನಿಜವಾಗಿ ಕಿಡಿ ಹಾರುವುದು ಅದಕ್ಕೂ ಮೊದಲೇ. ಪೂರ್ತಿ ವೇಗದಲ್ಲಿ ಓಡುವಾಗ ಹಲವು ಔಟ್‌ಬೋರ್ಡ್‌ಗಳಲ್ಲಿ ಟಿಡಿಸಿಗೆ, ಎಂಜಿನ್ ತಿರುಗುವ ಲೆಕ್ಕದಲ್ಲಿ, 20 ಡಿಗ್ರಿಯ ಆಸುಪಾಸು ಮುಂಚೆ ಕಿಡಿ ಹಾರುತ್ತದೆ. ಪಿಸ್ಟನ್ ಇನ್ನೂ ಪ್ಲಗ್ಗಿನ ಕಡೆಗೇ ನುಗ್ಗಿ ಬರುತ್ತಿರುವಾಗ ಎದುರಿನಿಂದ ಬೆಂಕಿ ಹಚ್ಚಿದಂತಾಯಿತು. ಯಾಕೆಂದರೆ ಆರೋಗ್ಯವಂತ ಎಂಜಿನ್ನಿನಲ್ಲಿ ಸ್ಫೋಟ ಎಂಬುದೇ ಇಲ್ಲ. ಪ್ಲಗ್ಗಿನ ತುದಿಯಲ್ಲಿ ಹುಟ್ಟಿದ ಪುಟ್ಟ ಜ್ವಾಲೆ ಸಿಲಿಂಡರಿನ ಗೋಡೆಯವರೆಗೆ ಹರಡಿಕೊಂಡು ಹೋಗಬೇಕು. ಹರಡಲು ಸಮಯ ಬೇಕು. ಆ ಸಮಯವನ್ನು ಮುಂಗಡವಾಗಿ ಕೊಡುವುದೇ ಅಡ್ವಾನ್ಸ್.

ಎಷ್ಟು ಸಮಯ ಬೇಕು? ಲೆಕ್ಕ ಹಾಕಿ ನೋಡಿದಾಗ ನನಗೆ ರೋಮಾಂಚನವಾಯಿತು. ಅಲುಗಾಡದೆ ನಿಂತ ಪೆಟ್ರೋಲ್-ಗಾಳಿ ಮಿಶ್ರಣದಲ್ಲಿ ಜ್ವಾಲೆ ಸೆಕೆಂಡಿಗೆ ಸುಮಾರು 40 ಸೆಂಟಿಮೀಟರ್ ಮಾತ್ರ ಸಾಗುತ್ತದೆ. ನಾವು ಸಾವಕಾಶವಾಗಿ ನಡೆದರೂ ಅದನ್ನು ಹಿಂದೆ ಹಾಕುತ್ತೇವೆ. ಸಿಲಿಂಡರಿನ ಅಗಲ 8 ಸೆಂಟಿಮೀಟರ್, ಪ್ಲಗ್ ನಟ್ಟ ನಡುವೆ ಎಂದಿಟ್ಟುಕೊಳ್ಳಿ. ಜ್ವಾಲೆ ಗೋಡೆ ಮುಟ್ಟಲು 4 ಸೆಂಟಿಮೀಟರ್ ಸಾಗಬೇಕು, ಅಂದರೆ ಸೆಕೆಂಡಿನ ಹತ್ತನೇ ಒಂದು ಭಾಗ. ಆದರೆ ನಿಮಿಷಕ್ಕೆ 5000 ಸುತ್ತು ತಿರುಗುವ ಎಂಜಿನ್ ಅಷ್ಟರಲ್ಲಿ ಎಂಟು ಸುತ್ತು ಮುಗಿಸಿರುತ್ತದೆ! ಈ ಲೆಕ್ಕದ ಪ್ರಕಾರ ನಿಮ್ಮ ದೋಣಿಯ ಎಂಜಿನ್ ಓಡಲೇಬಾರದು.

ಆದರೂ ಓಡುತ್ತದೆ, ಯಾಕೆಂದರೆ ಸಿಲಿಂಡರಿನೊಳಗಿನ ಮಿಶ್ರಣ ನಿಂತಿರುವುದೇ ಇಲ್ಲ. ಕಿಂಡಿಗಳಿಂದ ರಭಸವಾಗಿ ನುಗ್ಗಿ ಬಂದ ಅನಿಲ ಒಳಗೆ ಸುಳಿಸುಳಿಯಾಗಿ ತಿರುಗುತ್ತಿರುತ್ತದೆ. ಈ ಸುಳಿಗಳು ಜ್ವಾಲೆಯ ನುಣುಪು ಮೈಯನ್ನು ಎಳೆದು, ಜಗ್ಗಿ, ಸುಕ್ಕು ಮಾಡುತ್ತವೆ. ಆರು ಗಜದ ಸೀರೆ ನೆರಿಗೆ ಹಿಡಿದಾಗ ಒಂದು ಗೇಣಿನಲ್ಲಿ ಅಡಗುವ ಹಾಗೆ, ಅಗಾಧ ವಿಸ್ತಾರದ ಜ್ವಾಲೆ ಸಣ್ಣ ಜಾಗದಲ್ಲಿ ಮಡಚಿಕೊಳ್ಳುತ್ತದೆ. ಉರಿಯುವ ಮೈ ಹೆಚ್ಚಿದಷ್ಟೂ ಒಂದೇ ಗಳಿಗೆಯಲ್ಲಿ ಸುಡುವ ಇಂಧನ ಹೆಚ್ಚು. ಒತ್ತಿ ಬಿಸಿಯಾದ ಅನಿಲವೂ, ಉರಿದು ಹಿಗ್ಗಿದ ಅನಿಲದ ತಳ್ಳಾಟವೂ ಜೊತೆಗೂಡುತ್ತವೆ. ಒಟ್ಟಿನಲ್ಲಿ ಸೆಕೆಂಡಿಗೆ 40 ಸೆಂಟಿಮೀಟರ್ ತೆವಳುತ್ತಿದ್ದ ಜ್ವಾಲೆ ಹತ್ತಿಪ್ಪತ್ತು ಮೀಟರ್ ವೇಗಕ್ಕೆ ಏರುತ್ತದೆ.

ಇದನ್ನು ಚಂದವಾಗಿ ತೋರಿಸಿಕೊಟ್ಟವರು ಸ್ಕಾಟ್ಲೆಂಡಿನ ಎಂಜಿನಿಯರ್ ಡ್ಯೂಗಾಲ್ಡ್ ಕ್ಲರ್ಕ್. 1881ರಲ್ಲಿ 2-ಸ್ಟ್ರೋಕ್ ಎಂಜಿನ್ನಿಗೆ ಪೇಟೆಂಟ್ ಪಡೆದ ಮನುಷ್ಯ. ನಾಡದೋಣಿಯ ಹಿಂಬದಿಯಲ್ಲಿ ಗುಡುಗುವ 2-ಸ್ಟ್ರೋಕ್ ಎಂಜಿನ್ನುಗಳಿಗೆಲ್ಲ ಒಂದು ಲೆಕ್ಕದಲ್ಲಿ ಮೂಲಪುರುಷ. ಅವರು ಮುಂದೆ ಮಾಡಿದ ಪ್ರಯೋಗ ಸರಳವಾದದ್ದು. ಎಂಜಿನ್ ಒಂದು ಸಲ ಮಿಶ್ರಣ ಎಳೆದುಕೊಂಡ ಮೇಲೆ ವಾಲ್ವ್‌ಗಳನ್ನು ಮುಚ್ಚಿಯೇ ಇಟ್ಟು, ಕಿಡಿಯನ್ನೂ ತಡೆದು, ಅದೇ ಮಿಶ್ರಣವನ್ನು ಪಿಸ್ಟನ್ ಕೆಲವು ಸಲ ಒತ್ತಿ ಬಿಡುವಂತೆ ಮಾಡಿದರು. ಅಷ್ಟರಲ್ಲಿ ಒಳಗಿನ ಸುಳಿಗಳು ಸುಸ್ತಾಗಿ ಅಡಗಿದವು. ಆಮೇಲೆ ಕಿಡಿ ಹಾರಿಸಿದರು. ಇಂಧನ ಅದೇ, ಗಾಳಿ ಅದೇ, ಒತ್ತಡವೂ ಹೆಚ್ಚುಕಮ್ಮಿ ಅದೇ. ಆದರೆ ಬೆಂಕಿ ಹರಡುವುದು ವಿಪರೀತ ನಿಧಾನವಾಯಿತು. ಎಂಜಿನ್ ಓಡುವುದು ಇಂಧನದಿಂದ ಎಷ್ಟೋ, ಅದರೊಳಗಿನ ಗಾಳಿಯ ಗಲಾಟೆಯಿಂದಲೂ ಅಷ್ಟೇ ಎಂದು ಆಗ ತಿಳಿಯಿತು.

ಇನ್ನೂ ಒಂದು ಸೊಗಸಿದೆ. ಎಂಜಿನ್ ವೇಗವಾಗಿ ತಿರುಗಿದಷ್ಟೂ ಸುಳಿಗಳ ರಭಸ ಹೆಚ್ಚಿ ಬೆಂಕಿಯೂ ವೇಗವಾಗುತ್ತದೆ. ವೇಗದ ಜೊತೆಗೇ ವೇಗ ಹೊಂದಿಕೊಂಡು ಹೋಗುತ್ತದೆ! ಹಾಗಾದರೆ ವೇಗ ಏರಿದಂತೆ ಅಡ್ವಾನ್ಸ್ ಯಾಕೆ ಹೆಚ್ಚಬೇಕು? ಪ್ಲಗ್ಗಿನ ತುದಿಯಲ್ಲಿ ಆಗತಾನೆ ಹುಟ್ಟಿದ ಜ್ವಾಲೆ ಒಂದೆರಡು ಮಿಲಿಮೀಟರ್ ಗಾತ್ರದ್ದು. ಸುಳಿಗಳು ಅದಕ್ಕಿಂತ ದೊಡ್ಡವು. ಅವು ಈ ಕೂಸನ್ನು ಅತ್ತಿತ್ತ ಒಯ್ಯಬಲ್ಲವೇ ಹೊರತು ಸುಕ್ಕು ಮಾಡಲಾರವು. ಹಾಗಾಗಿ ಆರಂಭದ ಆ ಬೆಳವಣಿಗೆಗೆ ಎಂಜಿನ್ ನಿಧಾನವಿರಲಿ, ಜೋರಿರಲಿ, ಹೆಚ್ಚುಕಮ್ಮಿ ಒಂದೇ ಸಮಯ ಹಿಡಿಯುತ್ತದೆ. ನಿಮಿಷಕ್ಕೆ 1000 ಸುತ್ತಿನಲ್ಲಿ ಒಂದು ಡಿಗ್ರಿ ತಿರುಗಲು ಸೆಕೆಂಡಿನ 6000ದ ಒಂದು ಭಾಗ ಸಾಕು, 5000 ಸುತ್ತಿನಲ್ಲಿ 30,000ದ ಒಂದು ಭಾಗ. ಅದೇ ಸಮಯದಲ್ಲಿ ಕಳೆದುಹೋಗುವ ಡಿಗ್ರಿಗಳು ಐದು ಪಟ್ಟು. ಅದಕ್ಕೇ ಕಿಡಿಯನ್ನು ಇನ್ನಷ್ಟು ಮುಂಚಿತವಾಗಿ ಹಾರಿಸುತ್ತಾ ಹೋಗಬೇಕು.

ಈ ಇಡೀ ಲೆಕ್ಕಾಚಾರದ ಗುರಿ ಒಂದೇ. ಸಿಲಿಂಡರಿನ ಒತ್ತಡ ತುತ್ತತುದಿ ಮುಟ್ಟುವುದು ಪಿಸ್ಟನ್ ಟಿಡಿಸಿ ದಾಟಿ ಸುಮಾರು 15 ಡಿಗ್ರಿ ಹೋದ ಮೇಲೆ ಆಗಬೇಕು. ಕಿಡಿ ತಡವಾದರೆ ಶಕ್ತಿಯೆಲ್ಲ ಬಿಸಿಯಾಗಿ ಸೈಲೆನ್ಸರಿನತ್ತ ಹೋಗುತ್ತದೆ. ಬೇಗವಾದರೆ ಏರಿ ಬರುವ ಪಿಸ್ಟನ್ನಿನ ಮೇಲೇ ಒತ್ತಡ ಕೂರುತ್ತದೆ.

ಈಗ ನಮ್ಮ ಓದುಗರ ಪಿಸ್ಟನ್ನಿನ ಕಥೆಗೆ ಬರೋಣ. ಸರಿಯಾದ ಟೈಮಿಂಗ್ ಹತ್ತಿರ ಬಂದಂತೆ ಎಂಜಿನ್ನಿನ ಎಳೆತ ಏರುತ್ತಾ ಹೋಗಿ ಒಂದು ಸಪಾಟು ನೆತ್ತಿ ಮುಟ್ಟುತ್ತದೆ. ಆ ನೆತ್ತಿಯ ಮೇಲೆ ಎರಡು ಮೂರು ಡಿಗ್ರಿ ಆಚೀಚೆ ಆದರೂ ಕೈಗಾಗಲಿ ಕಿವಿಗಾಗಲಿ ವ್ಯತ್ಯಾಸ ತಿಳಿಯುವುದಿಲ್ಲ. ಆದರೆ ಅದೇ ಎರಡು ಮೂರು ಡಿಗ್ರಿಯಲ್ಲಿ ಸಿಲಿಂಡರಿನ ಒತ್ತಡ ಮಾತ್ರ ಏರಿರುತ್ತದೆ. ಆಗ ಜ್ವಾಲೆ ಇನ್ನೂ ತಲುಪದ ಮೂಲೆಯಲ್ಲಿ ಉಳಿದ ಮಿಶ್ರಣ, ಒತ್ತಿಸಿಕೊಂಡು ಕಾದು ಕಾದು, ತಾನಾಗಿಯೇ ಒಮ್ಮೆಗೇ ಹತ್ತಿಕೊಳ್ಳುತ್ತದೆ. ಸ್ಫೋಟ ಎಂಬ ಮಾತು ಒಪ್ಪುವುದು ಇಲ್ಲಿಗೆ. ಇದೇ ನಾಕಿಂಗ್.

ಪಿಸ್ಟನ್ ಮಾಡಿರುವುದು ಅಲ್ಯೂಮಿನಿಯಂ ಮಿಶ್ರಲೋಹದಿಂದ. ಶುದ್ಧ ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಉರಿಯುವ ಅನಿಲವೋ 2000 ಡಿಗ್ರಿ ದಾಟಿರುತ್ತದೆ. ದಿನವೂ ಆ ಬೆಂಕಿಯಲ್ಲಿ ಮಿಂದರೂ ಪಿಸ್ಟನ್ ಕರಗದೆ ಉಳಿಯುವುದಕ್ಕೆ, ತಂಪು ನೀರಿನ ಜೊತೆಗೆ, ಲೋಹದ ಮೈಗೆ ಅಂಟಿಕೊಂಡ ತೆಳು ಅನಿಲದ ಪದರವೇ ಕಾರಣ. ನಾಕಿಂಗ್ ಆದಾಗ ಸಿಲಿಂಡರಿನೊಳಗೆ ಸೆಕೆಂಡಿಗೆ ಸಾವಿರಾರು ಸಲ ಬಡಿದಾಡುವ ಒತ್ತಡದ ಅಲೆಗಳು ಆ ಪದರವನ್ನು ಉಜ್ಜಿ ಕಿತ್ತುಹಾಕುತ್ತವೆ. ಬೆಂಕಿ ನೇರವಾಗಿ ಲೋಹ ಮುಟ್ಟುತ್ತದೆ. ಅಂಥ ಎಂಜಿನ್ನಿನ ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿದು ನೋಡಿ: ಬಿಳಿ ಪಿಂಗಾಣಿಯ ಮೇಲೆ ಸಾಸಿವೆಗಿಂತಲೂ ಸಣ್ಣದಾದ ಬೂದು ಬಣ್ಣದ ಹೊಳಪು ಚುಕ್ಕೆಗಳು ಕಾಣುತ್ತವೆ. ಅವು ಕರಗಿ ಹಾರಿದ ಪಿಸ್ಟನ್ನಿನ ಅಲ್ಯೂಮಿನಿಯಂ. ತೂತು ಬೀಳುವ ಮೊದಲೇ ಎಂಜಿನ್ ಬರೆದು ಕಳಿಸಿದ ಕಾಗದ ಅದು.

ಕಾರಿನಲ್ಲಾದರೆ ನಾಕಿಂಗ್ ಕಟಕಟ ಎಂದು ಕೇಳುತ್ತದೆ. ಔಟ್‌ಬೋರ್ಡಿನ ಆರ್ಭಟ, ನೀರಿನ ಸದ್ದು, ಗಾಳಿ ಇವುಗಳ ನಡುವೆ ಕೇಳಿಸದು. ಜೊತೆಗೆ ಘಾಟಿ ಇಳಿಯುವಾಗ ಕಾರಿನ ಎಂಜಿನ್ನಿಗೆ ಸಿಗುವ ಬಿಡುವು ದೋಣಿಗೆ ಎಂದೂ ಸಿಗುವುದಿಲ್ಲ. ಪ್ರೊಪೆಲ್ಲರಿನ ಸುತ್ತು ಇಮ್ಮಡಿಯಾದರೆ ಬೇಕಾಗುವ ಶಕ್ತಿ ಸುಮಾರು ಎಂಟು ಪಟ್ಟು. ಕರಾವಳಿಯ ನಾಡದೋಣಿಗಳದ್ದು ಇನ್ನೊಂದು ಸಂಗತಿ: ಪೆಟ್ರೋಲಿನಲ್ಲಿ ಶುರು ಮಾಡಿ, ಎಂಜಿನ್ ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವ ರೂಢಿ. ನಾಕಿಂಗ್ ತಡೆಯುವ ಶಕ್ತಿ, ಅಂದರೆ ಆಕ್ಟೇನ್, ಸೀಮೆಎಣ್ಣೆಗೆ ತೀರಾ ಕಡಿಮೆ. ಅದಕ್ಕೇ ಸೀಮೆಎಣ್ಣೆ ಮಾದರಿಯ ಎಂಜಿನ್ನುಗಳಲ್ಲಿ ಒತ್ತಡದ ಅನುಪಾತವನ್ನು ತಯಾರಿಸುವಾಗಲೇ ತಗ್ಗಿಸಿರುತ್ತಾರೆ. ತಯಾರಕರು ಇಷ್ಟು ಜೋಪಾನ ಮಾಡಿ ಕೊಟ್ಟದ್ದನ್ನು ನಾವು ಸ್ಪ್ಯಾನರಿನ ಒಂದು ತಿರುವಿನಲ್ಲಿ ಕಳೆಯಬಾರದು.

ಹಾಗಾದರೆ ಟೈಮಿಂಗ್ ನೋಡುವುದು ಹೇಗೆ? ಬೆಳಕಿನಿಂದ. ಟೈಮಿಂಗ್ ಲೈಟಿನ ಚಿಮಟವನ್ನು ಮೊದಲನೇ ಸಿಲಿಂಡರಿನ ಪ್ಲಗ್ ವಯರಿಗೆ ಕಚ್ಚಿಸುತ್ತಾರೆ. ಪ್ಲಗ್ಗಿಗೆ ಕಿಡಿ ಹೋದಾಗಲೆಲ್ಲ ಲೈಟಿನೊಳಗಿನ ಕ್ಸೆನಾನ್ ದೀಪ ಮಿಂಚುತ್ತದೆ. ಮಿಂಚಿನ ಆಯುಸ್ಸು ಎಷ್ಟು ಕಿರಿದೆಂದರೆ ಅಷ್ಟರಲ್ಲಿ ಫ್ಲೈವೀಲ್ ಕದಲಿದ್ದು ಕಣ್ಣಿಗೆ ಗೊತ್ತೇ ಆಗದು. ಮಬ್ಬುಗತ್ತಲ ಶೆಡ್ಡಿನಲ್ಲಿ ಮೊದಲ ಬಾರಿ ಇದನ್ನು ನೋಡಿದಾಗ ನಾನು ಬೆರಗಾಗಿ ನಿಂತಿದ್ದೆ. ಭರ್ರೆಂದು ತಿರುಗುವ ಚಕ್ರ ನಿಂತಂತೆ ಕಾಣುತ್ತದೆ, ಅದರ ಮೇಲಿನ ಗೀಟು, ತುಕ್ಕಿನ ಕಲೆ, ಉಗುರಿನಷ್ಟು ಬಿಳಿ ಬಣ್ಣ ಎಲ್ಲವೂ ಸ್ಪಷ್ಟ. ಥ್ರಾಟಲ್ ಏರಿಸಿದರೆ ಗೀಟು ಚಕ್ರ ತಿರುಗುವ ದಿಕ್ಕಿಗೆ ವಿರುದ್ಧವಾಗಿ ಮೆಲ್ಲಗೆ ಜಾರುತ್ತದೆ. ಅಡ್ವಾನ್ಸ್ ಎಂಬುದನ್ನು ಕಣ್ಣಾರೆ ಕಾಣುವುದೆಂದರೆ ಇದು. ಹೀಗೆ ಮಿಂಚಿನಿಂದ ಚಲನೆಯನ್ನು ಹಿಡಿದು ನಿಲ್ಲಿಸುವ ವಿದ್ಯೆಯನ್ನು 1930ರ ದಶಕದಲ್ಲಿ ಬೆಳೆಸಿದವರು ಅಮೆರಿಕದ ಎಂಐಟಿಯ ಹೆರಾಲ್ಡ್ ಎಡ್ಗರ್ಟನ್. ತಿರುಗುವ ವಿದ್ಯುತ್ ಮೋಟಾರುಗಳ ಒಳಗುಟ್ಟು ತಿಳಿಯಲು ಅವರು ಹೊರಟಿದ್ದರು. ಒಂದು ಎಚ್ಚರಿಕೆ: ನಿಂತಂತೆ ಕಾಣುವ ಚಕ್ರ ನಿಂತಿಲ್ಲ. ಕವಚ ತೆಗೆದ ಔಟ್‌ಬೋರ್ಡಿನ ಮೇಲೆ ಬಗ್ಗುವ ಮೊದಲು ಹೆಗಲ ಬೈರಾಸು ತೆಗೆದಿಡಿ.

ಆದರೆ ಈ ಬೆಳಕೂ ಒಂದು ಸಂದರ್ಭದಲ್ಲಿ ದಾರಿ ತಪ್ಪಿಸುತ್ತದೆ. ಫ್ಲೈವೀಲನ್ನು ಕ್ರ್ಯಾಂಕಿನ ಮೇಲೆ ಸರಿಯಾದ ಜಾಗದಲ್ಲಿ ಕೂರಿಸುವುದು ಒಂದು ಸಣ್ಣ ಉಕ್ಕಿನ ಕೀ. ಪ್ರೊಪೆಲ್ಲರ್ ಬಂಡೆಗೆ ಬಡಿದೋ, ನಟ್ಟು ಸಡಿಲವಾಗಿಯೋ ಅದು ಅರ್ಧ ತುಂಡಾದರೆ ಫ್ಲೈವೀಲ್ ಕೆಲವು ಡಿಗ್ರಿ ಸರಿದು ಕೂರುತ್ತದೆ. ಕಿಡಿ ಹುಟ್ಟಿಸುವ ಅಯಸ್ಕಾಂತವೂ ಗೀಟೂ ಒಂದೇ ಚಕ್ರದ ಮೇಲಿರುವುದರಿಂದ ಎರಡೂ ಒಟ್ಟಿಗೇ ಸರಿಯುತ್ತವೆ. ಲೈಟು ಎಲ್ಲ ಸರಿ ಎನ್ನುತ್ತದೆ, ಪಿಸ್ಟನ್ ಮಾತ್ರ ಬೇರೆಲ್ಲೋ ಇರುತ್ತದೆ. ಅದಕ್ಕೇ ಬಲ್ಲ ಮೆಕ್ಯಾನಿಕ್ ಮೊದಲು ಪ್ಲಗ್ ಬಿಚ್ಚಿ, ಆ ತೂತಿನಲ್ಲಿ ಡಯಲ್ ಗೇಜ್ ಇಳಿಸಿ, ಪಿಸ್ಟನ್ ನಿಜವಾಗಿ ಟಿಡಿಸಿಯಲ್ಲಿದ್ದಾಗ ಗೀಟು ಎಂಜಿನ್ ಮೇಲಿರುವ ಸೂಚಿಗೆ ಎದುರಾಗಿದೆಯೇ ಎಂದು ಖಾತ್ರಿ ಮಾಡಿಕೊಳ್ಳುತ್ತಾನೆ. ಲೈಟು ಬರುವುದು ಆಮೇಲೆ.

ಕಾರ್ಬೊರೇಟರಿನ ಅನೇಕ ಔಟ್‌ಬೋರ್ಡ್‌ಗಳಲ್ಲಿ ಥ್ರಾಟಲ್ ತಿರುಗಿಸಿದರೆ ಒಂದು ಕಡ್ಡಿ ಕಿಡಿಯ ಫಲಕವನ್ನು ಸರಿಸುತ್ತದೆ, ಇನ್ನೊಂದು ಕಾರ್ಬೊರೇಟರಿನ ಬಾಗಿಲು ತೆರೆಯುತ್ತದೆ. ನಿಧಾನ ಓಟದಲ್ಲಿ ಕಿಡಿ ಟಿಡಿಸಿಯ ಹತ್ತಿರ, ಕೆಲವು ಎಂಜಿನ್ನುಗಳಲ್ಲಿ ಟಿಡಿಸಿ ದಾಟಿದ ಮೇಲೆ ಹಾರುತ್ತದೆ. ಇವೆರಡರ ಹೊಂದಾಣಿಕೆ ತಪ್ಪಿದರೂ ಎಳೆತ ಕಡಿಮೆಯಾಗುತ್ತದೆ. ಕಾರ್ಬೊರೇಟರಿನಲ್ಲಿ ಕಟ್ಟಿದ ಕಸ, ಬಾಗಿದ ಪ್ರೊಪೆಲ್ಲರ್, ದೋಣಿಯ ತಳಕ್ಕೆ ಹತ್ತಿದ ಪಾಚಿ-ಚಿಪ್ಪುಗಳೂ ಎಳೆತ ಕುಂದಿಸುತ್ತವೆ. ಇವನ್ನೆಲ್ಲ ನೋಡದೆ ಅಡ್ವಾನ್ಸ್ ಹೆಚ್ಚಿಸುವುದು ಜ್ವರ ಏನೆಂದು ತಿಳಿಯದೆ ಮದ್ದು ಕೊಟ್ಟಂತೆ.

ಆದ್ದರಿಂದ ಗಂಗೊಳ್ಳಿಯ ಮಿತ್ರರೇ, ಹೊಸ ಪಿಸ್ಟನ್ ಹಾಕಿಸುವಾಗ ಫ್ಲೈವೀಲ್ ಬಿಚ್ಚಿಸಿ ಕೀ ನೋಡಿಸಿ. ನಿಮ್ಮ ಮಾದರಿಯ ಪುಸ್ತಕದಲ್ಲಿ ಬರೆದ ಡಿಗ್ರಿಗೇ ಟೈಮಿಂಗ್ ಇಡಿಸಿ, ಅದರ ಮೇಲೆ ಒಂದು ಡಿಗ್ರಿಯೂ ಬೇಡ. ಎಂಜಿನ್ ಓಡಿಸಿ ನೋಡುವಾಗ ತಂಪು ನೀರು ಹರಿಯುತ್ತಿರಲಿ, ಒಣಗಿ ಓಡಿದರೆ ನೀರಿನ ಪಂಪಿನ ರಬ್ಬರು ಬೇಗ ಸುಟ್ಟುಹೋಗುತ್ತದೆ. ಮೊದಲ ವಾರದ ಕೊನೆಗೆ ಪ್ಲಗ್ ಬಿಚ್ಚಿ ಪಿಂಗಾಣಿ ನೋಡಿ. ಬೂದು ಚುಕ್ಕೆಗಳು ಕಂಡರೆ ದೋಣಿಯನ್ನು ಕಡಲಿಗೆ ಇಳಿಸಬೇಡಿ. ಕಾಣದಿದ್ದರೆ ಅಂದಿನ ತಾರೀಖು, ಬಂದ ಡಿಗ್ರಿ ಎರಡನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ. ಮುಂದೆ ಎಳೆತ ಕಡಿಮೆಯಾಯಿತು ಎನ್ನಿಸಿದ ದಿನ ಅದಕ್ಕೆ ಹೋಲಿಸಿ ನೋಡಿದರೆ, ಟೈಮಿಂಗ್ ಸರಿದಿದೆಯೋ ಇಲ್ಲವೋ ಎಂದು ಯಾರ ಊಹೆಯನ್ನೂ ಕೇಳದೆ ನೀವೇ ಹೇಳಬಲ್ಲಿರಿ.