ಕಪ್ಪಗಿದ್ದರೆ ಕರೆಂಟು, ಹಳದಿಯಾದರೆ ಗೋತಾ!

ತಲೆಗೂದಲ ಎಳೆಯೊಂದನ್ನು ಬೆಳಕಿಗೆ ಹಿಡಿದು ನೋಡಿ. ಅದರ ದಪ್ಪದಲ್ಲಿ ನೂರನೇ ಒಂದು ಪಾಲು! ಅಷ್ಟು ತೆಳು ಪದರದಲ್ಲಿ ಬಿಸಿಲು ಕರೆಂಟಾಗುತ್ತದೆ ಎಂದರೆ ನಂಬುತ್ತೀರಾ?

ನಂಬಲೇಬೇಕು! ಅದರ ಹೆಸರು ಹ್ಯಾಲೈಡ್ ಪೆರೋವ್‌ಸ್ಕೈಟ್. ಸೀಸ, ಅಯೋಡಿನ್, ಜೊತೆಗೊಂದು ಪುಟ್ಟ ಸಾವಯವ ಅಣು. ಇಷ್ಟೇ ಸಾಮಗ್ರಿ!

ಸಿಲಿಕಾನ್ ಕರಗಲು 1,414 ಡಿಗ್ರಿ ಶಾಖ ಬೇಕು. ಇದಕ್ಕೆಷ್ಟು? ಊಹಿಸಿ. ಸಾವಿರ? ಐನೂರು? ಅಲ್ಲವೇ ಅಲ್ಲ! ದ್ರಾವಣವನ್ನು ಗಾಜಿಗೆ ಬಳಿದು 100ರಿಂದ 150 ಡಿಗ್ರಿಗೆ ಕಾಯಿಸಿದರೆ ಮುಗಿಯಿತು. ಹಳದಿ ಪದರ ಕಣ್ಣೆದುರೇ ಕಪ್ಪಗಾಗುತ್ತದೆ!

2009ರಲ್ಲಿ ಜಪಾನಿನ ತ್ಸುತೊಮು ಮಿಯಾಸಾಕ ತಂಡ ಇದರಿಂದ ಸೋಲಾರ್ ಸೆಲ್ ಮಾಡಿತು. ದಕ್ಷತೆ ಶೇ. 3.8. ಆಯಸ್ಸು? ವರ್ಷವಲ್ಲ, ತಿಂಗಳಲ್ಲ. ನಿಮಿಷಗಳು!

ಈಗ? ಸಿಲಿಕಾನ್ ಒಂದರಿಂದಲೇ ಪಡೆಯಬಹುದಾದ ದಕ್ಷತೆಯ ಮಿತಿ ಹೆಚ್ಚುಕಡಿಮೆ ಶೇ. 29. ಅದರ ಬೆನ್ನ ಮೇಲೆ ಪೆರೋವ್‌ಸ್ಕೈಟ್ ಕೂರಿಸಿದ ಪುಟ್ಟ ಜೋಡಿ ಸೆಲ್ 2025ರಲ್ಲಿ ಮುಟ್ಟಿದ್ದು ಶೇ. 34.85!

ಹಾಗಾದರೆ ನಮ್ಮ ತುಮಕೂರು ಜಿಲ್ಲೆಯದೇ ಆದ, 2,050 ಮೆಗಾವಾಟ್‌ನ ಪಾವಗಡ ಸೋಲಾರ್ ಪಾರ್ಕಿಗೆ ನಾಳೆಯೇ ತಂದು ಜೋಡಿಸಬಹುದಲ್ಲ? ತಡೆಯಿರಿ! ಒಬ್ಬ ಶತ್ರುವಿದ್ದಾನೆ.

ಯಾರು? ಇದೇ ಜಿಲ್ಲೆಯ ಹೊನ್ನವಳ್ಳಿಯ ತೆಂಗು ಬೆಳೆಗಾರರನ್ನು ಕೇಳಿ, ಥಟ್ಟನೆ ಹೇಳುತ್ತಾರೆ: ತೇವ! ಅಟ್ಟದಲ್ಲಿ ತಿಂಗಳುಗಟ್ಟಲೆ ಒಣಗಿ ಗಿಟುಕಾದ ಕೊಬ್ಬರಿಗೆ ತೇವ ತಾಗಲಿ, ಬೂಷ್ಟು ಖಂಡಿತ. ಈ ಕಪ್ಪು ಪದರದ ಪಾಡೂ ಅದೇ. ತೇವ ಸೋಕಿತೋ, ಹಳದಿ! ಕಾವು ಮಿತಿಮೀರಿತೋ, ಹಳದಿ! ಉಳಿಯುವುದು ಸೀಸದ ಅಯೋಡೈಡ್. ಕರೆಂಟು ಖತಂ!

ಒಳಗೆ ಇಣುಕಿದರೆ ಇನ್ನೂ ಬೆರಗು. ಸೀಸ, ಅಯೋಡಿನ್‌ಗಳದ್ದು ಒಂದು ಪಂಜರ. ಅದರೊಳಗೆ ಸಾವಯವ ಅಣು ಗಿರ್ರನೆ ತಿರುಗುತ್ತಲೇ ಇರುತ್ತದೆ. ಒಂದು ಹೊರಳಿಗೆ ಎಷ್ಟು ಹೊತ್ತು? ಸೆಕೆಂಡನ್ನು ಲಕ್ಷ ಕೋಟಿ ಪಾಲು ಮಾಡಿ, ಅದರಲ್ಲಿ ಕೆಲವೇ ಪಾಲು! ಬೆಂಗಳೂರಿನ ಐಐಎಸ್‌ಸಿಯ ಡಿ.ಡಿ. ಸರ್ಮಾ ಅವರ ತಂಡವೂ ಈ ಹರಳಿನ ಗುಟ್ಟು ಕೆದಕಿದೆ.

ಪಂಜರಕ್ಕೆ ಅಣುವಿನ ಅಳತೆ ಸರಿಹೊಂದದಿದ್ದರೆ ತೇವವೇ ಬೇಡ, ಹರಳು ತಾನಾಗಿಯೇ ಹಳದಿಗೆ ತಿರುಗೀತು! ಮದ್ದು? ಚೂರೇ ಚೂರು ಸೀಸಿಯಂ! ಬೆರೆಸಿದರೆ ಕಪ್ಪು ಹಾಗೇ ಉಳಿಯುತ್ತದೆ.

ಮೇಲೊಂದು ಹೊದಿಕೆ: ಉದ್ದ ಬಾಲದ ಅಣುಗಳದ್ದು. ಆ ಬಾಲಕ್ಕೂ ನೀರಿಗೂ ಆಗಿಬರುವುದಿಲ್ಲ! ಕೊನೆಗೆ ಎರಡು ಗಾಜಿನ ನಡುವೆ ಇಟ್ಟು, ಅಂಚಿಗೆ ಬ್ಯೂಟೈಲ್ ರಬ್ಬರ್ ಮೆತ್ತಿ ಭದ್ರ. ಹೊರಗಿನ ತೇವ ಒಳಗಿಲ್ಲ, ಒಳಗಿನ ಸೀಸ ಹೊರಗಿಲ್ಲ!

ಈಗ ಅಗ್ನಿಪರೀಕ್ಷೆ. 85 ಡಿಗ್ರಿ ಕಾವು, ಶೇ. 85 ತೇವಾಂಶ, ಬಿಡುವಿಲ್ಲದೆ 1,000 ಗಂಟೆ! ಪಾಸಾದವು ಇವೆಯೇ? ಇವೆ!

ಆದರೆ ಲೆಕ್ಕ ಹಾಕಿ. 1,000 ಗಂಟೆ ಎಂದರೆ ಸುಮಾರು 42 ದಿನ. ಸಿಲಿಕಾನ್ ಫಲಕಕ್ಕೆ ಸಿಗುವ ಗ್ಯಾರಂಟಿ? 25 ವರ್ಷ! ನಿಮಿಷಗಳಿಂದ ಹೊರಟ ಈ ಪದರ ಅಲ್ಲಿಗೆ ತಲುಪಿದ ದಿನ ತೋಟದ ಬೋರ್‌ವೆಲ್ ಮೋಟಾರಿಗೂ ಇದರದೇ ಕರೆಂಟು. ತಲುಪುತ್ತದೋ, ಇಲ್ಲವೋ? ಕಟ್ಟಿ ಪಂದ್ಯ!