ಮಾತನ್ನು ಸೋಸಿಕೊಟ್ಟ ಪೆಟ್ಟಿಗೆ

ಡೊಂಬಿವಲಿಯಲ್ಲಿರುವ ನಾವು ಕೆಲವು ಕನ್ನಡಿಗರು ವರ್ಷಕ್ಕೊಮ್ಮೆ ಸಭಾಂಗಣ ಬಾಡಿಗೆಗೆ ಹಿಡಿದು ತಾಳಮದ್ದಳೆ ಮಾಡಿಸುತ್ತೇವೆ. ಹಿಂದಿನ ಸಲ ‘ಕರ್ಣಭೇದನ’ ಮುಗಿದ ಮೇಲೆ ಎಂಬತ್ತು ದಾಟಿದ ಹಿರಿಯರೊಬ್ಬರು ನನ್ನ ಕೈ ಹಿಡಿದು ಹೇಳಿದರು: ‘ಮದ್ದಳೆ ಲಾಯ್ಕ ಕೇಳಿತು ಮಾರಾಯಾ. ಕೃಷ್ಣ ಕರ್ಣನಿಗೆ ಎಂತ ಹೇಳಿದ ಅಂತ ಮಾತ್ರ ಗೊತ್ತಾಗ್ಲಿಲ್ಲ.’

ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಮಾತೂ ಕೇಳದಿದ್ದರೆ ಉಳಿಯುವುದೇನು?

ಹೊಸ ಧ್ವನಿವರ್ಧಕ ಕೊಳ್ಳೋಣ ಎಂದರು. ಕೈಯಲ್ಲಿದ್ದ ಹಣ ಮಕ್ಕಳ ಭಾನುವಾರದ ಕನ್ನಡ ತರಗತಿಯದ್ದು. ಹೊನ್ನಾವರದಿಂದ ಬಂದ ನಾನು ಇಲ್ಲಿ ಆಡಿಯೊ ಸರ್ಕ್ಯೂಟ್ ವಿನ್ಯಾಸ ಮಾಡುವವನು. ‘ಒಂದು ತಿಂಗಳು ತಡೆಯಿರಿ’ ಎಂದೆ.

ಅರ್ಥಧಾರಿಗಳು ಮೈಕಿಗೆ ಬಾಯಿ ತಾಗಿಸುವಷ್ಟು ಹತ್ತಿರ ಕೂರುತ್ತಾರೆ. ವೇದಿಕೆಯ ಮೈಕ್‌ಗಳು ಹತ್ತಿರದ ದನಿಯ ತಗ್ಗು ಸ್ವರವನ್ನು ಉಬ್ಬಿಸುತ್ತವೆ. ಅದಕ್ಕೆ ಸಭಾಂಗಣದ ಗುಂಯ್‌ಗುಡುವಿಕೆ, ಕರೆಂಟಿನ 50 ಹರ್ಟ್ಸ್ ಗುನುಗು ಸೇರುತ್ತವೆ. ಅಕ್ಷರ ಸ್ಪಷ್ಟವಾಗುವುದು ಮೇಲಿನ ಸ್ವರಗಳಲ್ಲಿ. ಹಳೆಯ ಟೆಲಿಫೋನ್ 300ರಿಂದ 3,400 ಹರ್ಟ್ಸ್ ಮಾತ್ರ ಸಾಗಿಸುತ್ತಿತ್ತು. ಆದರೂ ಅಮ್ಮನ ಮಾತು ನಮಗೆ ಅರ್ಥವಾಗುತ್ತಿತ್ತಲ್ಲ! ಅಂದರೆ ಬೇಕಾದದ್ದು ಹೆಚ್ಚು ಸದ್ದಲ್ಲ, ಸೋಸಿದ ಸದ್ದು.

ಇಷ್ಟು ತಗ್ಗಿನ ಸ್ವರವನ್ನು ಕಾಯಿಲ್ ಬಳಸಿ ಸೋಸಲು ಹೊರಟರೆ ಅದು ದೊಡ್ಡದು, ಭಾರ, ದುಬಾರಿ. ಸಾಲೆನ್ ಮತ್ತು ಕೀ ಎಂಬಿಬ್ಬರು ಅಮೆರಿಕದ ಎಂಐಟಿ ಲಿಂಕನ್ ಪ್ರಯೋಗಾಲಯದಿಂದ 1955ರಲ್ಲಿ ಪ್ರಕಟಿಸಿದ ಆಕ್ಟಿವ್ ಫಿಲ್ಟರ್‌ಗೆ ಕಾಯಿಲ್ ಬೇಡ. ನನ್ನದೂ ಅದೇ: ಒಂದು ಟಿಎಲ್ 072 ಆಪ್-ಆ್ಯಂಪ್, 0.1 ಮೈಕ್ರೋಫ್ಯಾರಡ್‌ನ ಎರಡು ಕೆಪಾಸಿಟರ್, 10 ಕಿಲೋ ಓಮ್‌ನ ಮೂರು ರೆಸಿಸ್ಟರ್. ಸಿಗ್ನಲ್ ಎರಡೂ ಕೆಪಾಸಿಟರ್ ದಾಟಿ ಆಪ್-ಆ್ಯಂಪ್ ಸೇರುತ್ತದೆ. ಕೆಪಾಸಿಟರ್‌ಗಳ ನಡುವಿನಿಂದ ಔಟ್‌ಪುಟ್‌ಗೆ ಒಂದು ರೆಸಿಸ್ಟರ್, ಇನ್‌ಪುಟ್‌ನಿಂದ ಗ್ರೌಂಡ್‌ಗೆ ಸರಣಿಯಲ್ಲಿ ಎರಡು. ಲೆಕ್ಕದ ಪ್ರಕಾರ 112 ಹರ್ಟ್ಸ್‌ಗಿಂತ ಕೆಳಗಿನದು ತಗ್ಗುತ್ತದೆ. 50 ಹರ್ಟ್ಸ್‌ನ ಗುನುಗು ಐದರಲ್ಲೊಂದು ಪಾಲಿಗೆ ಇಳಿಯುತ್ತದೆ. ವಿದ್ಯುತ್ತಿಗೆ 9 ವೋಲ್ಟ್‌ನ ಎರಡು ಬ್ಯಾಟರಿ.

ಮೊದಲ ಸಲ ಸೋತೆ. ಡ್ರಾಯರ್‌ನಲ್ಲಿದ್ದ ಅಗ್ಗದ ಸೆರಾಮಿಕ್ ಕೆಪಾಸಿಟರ್ ಹಾಕಿದ್ದೆ. ಅಳೆದರೆ 112ರ ಬದಲು 150ರ ಆಚೆಯೇ ಕತ್ತರಿ ಬೀಳುತ್ತಿತ್ತು. ಬರೆದ ಬೆಲೆಗೂ ಒಳಗಿನ ಬೆಲೆಗೂ ತಾಳಮೇಳವಿರಲಿಲ್ಲ. ಲ್ಯಾಮಿಂಗ್ಟನ್ ರೋಡಿಗೆ ಹೋಗಿ ಪಾಲಿಯೆಸ್ಟರ್ ಕೆಪಾಸಿಟರ್ ತಂದೆ. ಉಳಿತಾಯ ಮಾಡಬೇಕಾದದ್ದು ಬಿಡಿಭಾಗಗಳ ಸಂಖ್ಯೆಯಲ್ಲಿ, ಗುಣದಲ್ಲಿ ಅಲ್ಲ ಎಂಬುದು ಇಷ್ಟು ವರ್ಷ ಕೆಲಸ ಮಾಡಿದ ಮೇಲೂ ಮತ್ತೊಮ್ಮೆ ಕಲಿತ ಪಾಠ. ಡಬ್ಬಿ, ಜ್ಯಾಕ್ ಸೇರಿ ಐನೂರು ರೂಪಾಯಿ ದಾಟಲಿಲ್ಲ.

ಈ ವರ್ಷ ಅದನ್ನು ಮಿಕ್ಸರ್‌ಗೂ ಆಂಪ್ಲಿಫೈಯರ್‌ಗೂ ನಡುವೆ ಜೋಡಿಸಿದೆವು. ಮದ್ದಳೆಯ ಗುಮುಕು ತುಸು ಕಡಿಮೆಯಾಯಿತು, ಭಾಗವತರು ನನ್ನತ್ತ ಒಮ್ಮೆ ನೋಡಿದರು. ಆ ಹಿರಿಯರು ಮೂರನೇ ಸಾಲಿನಲ್ಲಿದ್ದರು. ಕರ್ಣ ತನ್ನ ಹುಟ್ಟಿನ ಗುಟ್ಟು ಕೇಳಿಸಿಕೊಳ್ಳುವ ಹೊತ್ತಿಗೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಮಕ್ಕಳ ತರಗತಿ ಈ ಭಾನುವಾರವೂ ನಡೆಯಿತು.